ಗುಣವಾದ ಮೇಲಿನ ಗುಣ

ನಮ್ಮ ಭಾಷೆಯಲ್ಲಿ ‘ಗುಣ’ ಎಂಬ ಮಾತಿಗೆ ಎರಡು ಕೆಲಸ. ಕಾಯಿಲೆ ವಾಸಿಯಾದರೆ ಗುಣವಾಯಿತು ಎನ್ನುತ್ತೇವೆ. ಮನುಷ್ಯನ ಸ್ವಭಾವಕ್ಕೂ ಗುಣ ಎನ್ನುತ್ತೇವೆ. ಈ ಎರಡೂ ಬೇರೆ ಬೇರೆ ದಾರಿ ಹಿಡಿದರೆ ಏನು ಮಾಡಬೇಕು? ಪುಣೆಯ ನಮ್ಮ ಪುಟ್ಟ ಕನ್ನಡ ಬಳಗದಲ್ಲಿ ಮೂರು ವರ್ಷದಿಂದ ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ ಇದು.

ಧಾರವಾಡದ ಕಡೆಯ ಗೆಳೆಯನೊಬ್ಬ ಭಾನುವಾರ ಬೆಳಗ್ಗೆ ಸಿಂಹಗಡದ ಆಚೆಯ ಕಚ್ಚಾ ಹಾದಿಗಳಲ್ಲಿ ಸೈಕಲ್ ತುಳಿಯುತ್ತಿದ್ದ. ಅದೇ ಹಾದಿಗೆ ಡರ್ಟ್ ಬೈಕ್ ಹುಡುಗರೂ ಬರುತ್ತಾರೆ. ಒಂದು ತಿರುವಿನಲ್ಲಿ ಎದುರೆದುರೇ ಡಿಕ್ಕಿ. ಹೆಲ್ಮೆಟ್ ಇತ್ತು, ಬುರುಡೆ ಒಡೆಯಲಿಲ್ಲ. ಕಾಲರ್‌ಬೋನ್ ಕೂಡಿಕೊಂಡಿತು, ಆರನೇ ವಾರಕ್ಕೆ ಲ್ಯಾಪ್‌ಟಾಪ್ ತೆರೆದ. ದೀಪಾವಳಿಗೆ ಊರಿಗೆ ಹೋದಾಗ ನೋಡಿದವರು ದೇವರು ದೊಡ್ಡವನು ಎಂದರು. ನಾಲ್ಕು ದಿನ ನೋಡುವವರಿಗೆ ಅವನು ಇಂದಿಗೂ ಚೆನ್ನಾಗಿಯೇ ಕಾಣುತ್ತಾನೆ.

ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ. ಒಳಗೆ ಮಿದುಳು ಜರುಗುವುದನ್ನು ಪೂರ್ತಿ ತಡೆಯಲಾರದು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂತಹ ತೆಳು ಮೂಳೆಯೊಂದಿದೆ. ವಾಸನೆಯ ನರದ ಎಳೆಗಳು ಅದರ ರಂಧ್ರಗಳನ್ನು ಹಾದು ಮಿದುಳಿಗೆ ಹೋಗುತ್ತವೆ. ಪೆಟ್ಟಿಗೆ ಮಿದುಳು ಅಲುಗಿದರೆ ಆ ಎಳೆಗಳು ಹರಿಯಬಹುದು. ಇವನಿಗೆ ಆದದ್ದು ಅದೇ. ಒಗ್ಗರಣೆ ಸೀದರೂ ಗೊತ್ತಾಗದು, ಗ್ಯಾಸ್ ಸೋರಿದರೂ ಗೊತ್ತಾಗದು. ಮನೆಗೆ ಇಂಡಕ್ಷನ್ ಒಲೆ ಬಂತು. ಹಣೆಯ ಹಿಂದಿರುವ, ಕೋಪಕ್ಕೆ ಲಗಾಮು ಹಾಕುವ ಮಿದುಳಿನ ಭಾಗವೂ ನೊಂದಿತ್ತು. ಸಂಜೆಯಾದರೆ ದಣಿವು, ಮಿಕ್ಸಿಯ ಸದ್ದಿಗೆ ಸಿಡಿಮಿಡಿ, ಮಗಳ ಮೇಲೆ ಕೂಗಾಟ. ಇಂಥ ಪೆಟ್ಟು ಸ್ಕ್ಯಾನ್‌ನಲ್ಲಿ ಕಾಣಲೇಬೇಕೆಂದೇನೂ ಇಲ್ಲ.

ಗುಡ್ಡಕ್ಕೆ ಹೋಗು ಅಂದವರ್ಯಾರು ಎಂದು ಬಳಗದಲ್ಲೇ ಕೆಲವರು ಕೇಳಿದ್ದುಂಟು. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರ ಜನವರಿಯಲ್ಲಿ ಅವರು ಸೌದಿಯ ಮರಳುಗಾಡಿನಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಇದೇ ಜನ ದಿನವಿಡೀ ಸುದ್ದಿ ನೋಡುತ್ತ ಕಳವಳಪಟ್ಟಿದ್ದರು. ದೂರದವರದಾದರೆ ಸಾಹಸ, ಪಕ್ಕದ ಮನೆಯವನದಾದರೆ ಹುಚ್ಚಾಟ!

2010ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು, ಎಡಗೈ ಕಳೆದುಕೊಂಡ ಬಡಗಿಯ ನಷ್ಟವೂ ಗುಮಾಸ್ತನ ನಷ್ಟವೂ ಒಂದೇ ಅಲ್ಲ, ದೇಹದ ಊನದ ಶೇಕಡಾವಾರನ್ನೇ ಗಳಿಕೆಯ ನಷ್ಟವೆಂದು ಹಿಡಿಯಬಾರದು ಎಂದಿತು. ಒಳ್ಳೆಯ ಮಾತು. ಆದರೆ ನನ್ನ ಗೆಳೆಯನ ಸಂಬಳ ಕಡಿಮೆಯಾಗಿಲ್ಲ. ಹೋದದ್ದು ತಾಳ್ಮೆ, ಅದರ ನಷ್ಟ ಎಂಟು ವರ್ಷದ ಮಗಳದು.

ಹಾಗಾದರೆ ಅವನ ಕೂಗಾಟಕ್ಕೆ ಅವನು ಹೊಣೆಯೇ? ಅದು ಅವನಲ್ಲ, ಪೆಟ್ಟು ಮಾತಾಡುತ್ತಿದೆ ಎನ್ನುವುದು ನಮ್ಮಂಥವರಿಗೆ ಸುಲಭ. ಅವನ ಹೆಂಡತಿ ಒಪ್ಪುವುದಿಲ್ಲ. “ಅವ್ರನ್ನ ಪೇಷಂಟ್ ಅಂತ ತಿಳ್ಕೊಂಡ್ರ ಮುಗೀತ್ರಿ, ಆಮ್ಯಾಲೆ ಜಗಳಾಡಾಕ ನನಗ ಗಂಡನ ಇರೂದಿಲ್ಲ” ಎಂದರು ಒಮ್ಮೆ. ಪಿ.ಎಫ್. ಸ್ಟ್ರಾಸನ್ ಎಂಬ ದಾರ್ಶನಿಕ 1962ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಸಿಟ್ಟು, ಕೃತಜ್ಞತೆ, ಬೇಸರಗಳೆಲ್ಲ ನಾವು ಮನುಷ್ಯರೆಂದು ಎಣಿಸುವವರ ಜೊತೆಗಿನ ವ್ಯವಹಾರ, ಒಬ್ಬನನ್ನು ಬರೀ ನಿಭಾಯಿಸಬೇಕಾದ ಸಂಗತಿಯಾಗಿ ನೋಡತೊಡಗಿದರೆ ಅವು ಹಿಂದೆ ಸರಿಯುತ್ತವೆ. ಆಕೆ ಅವನನ್ನು ಓದಿಲ್ಲ. ಆದರೆ ಅವನು ಹೇಳದ್ದೊಂದನ್ನು ಕಂಡುಕೊಂಡಿದ್ದಾರೆ. ರಾತ್ರಿ ಎಂಟರ ಮೇಲೆ ದಣಿದವನ ಜೊತೆ ಜಗಳವಿಲ್ಲ. ಬೆಳಗ್ಗೆ ಚಹಾ ಆದ ಮೇಲೆ ಲೆಕ್ಕ ಕೇಳುತ್ತಾರೆ, ಮತ್ತು ಅವನು ಮಗಳಿಗೆ ತಪ್ಪಾಯಿತು ಎನ್ನಲೇಬೇಕು. ಕ್ಷಮೆ ಮತ್ತು ಹೊಣೆ ಎರಡನ್ನೂ ಬಿಟ್ಟುಕೊಡದ ಈ ಏರ್ಪಾಡು ನನಗೆ ನ್ಯಾಯವಾಗಿ ಕಾಣುತ್ತದೆ.

ಇದನ್ನು ಬರೆಯುತ್ತೇನೆ ಎಂದಾಗ ಗೆಳೆಯ ಬೇಡವೆನ್ನಲಿಲ್ಲ, ಹೆಸರು ಹಾಕಬೇಡ ಎಂದನಷ್ಟೇ. ಓದಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದ್ಲ ನಾ ಹಿಂಗ ಇರ್ಲಿಲ್ಲ ಅಂತ ನೀವೆಲ್ಲಾರೂ ಅಂತೀರಿ. ನನಗ ನೆನಪಿದ್ದಂಗ ನಾ ಮೊದ್ಲಿಂದ್ಲೂ ಹಿಂಗ ಇದ್ದೆ” ಎಂದ. ಹೆಂಡತಿ ಅಡುಗೆಮನೆಯಿಂದಲೇ ಅಲ್ಲ ಎಂದರು. ಮಗಳು ಯಾರ ಪರವೂ ಮಾತಾಡಲಿಲ್ಲ. ಡಿಕ್ಕಿಯಾದಾಗ ಅವಳಿಗೆ ಐದು ವರ್ಷ.