ಬಿಲ್ಲೆ ಯಾರದು?

ಮನುಷ್ಯ ಕೂಡಿಡದ ವಸ್ತು ಲೋಕದಲ್ಲಿ ಇರಲಾರದು. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ದೊಡ್ಡವರ ಕೈಬರಹ—ಒಬ್ಬೊಬ್ಬರಿಗೆ ಒಂದೊಂದು ಹಂಬಲ. ಇವುಗಳಲ್ಲಿ ಬಹುಪಾಲು ವಸ್ತುಗಳ ವಿಷಯದಲ್ಲಿ ಧರ್ಮಾಧರ್ಮದ ಪ್ರಶ್ನೆ ಏಳುವುದಿಲ್ಲ. ಅಂಚೆಚೀಟಿಯನ್ನು ಒಬ್ಬ ಕೊಂಡ, ಲಕೋಟೆಗೆ ಅಂಟಿಸಿದ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆಮೇಲೆ ಅದು ಯಾರ ಕೈ ಸೇರಿದರೇನು? ಆದರೆ ಯಾರೂ ಎಂದೂ ಹಣ ಕೊಟ್ಟು ಕೊಳ್ಳದ, ‘ಮುಂದೆ ಹಿಂದಿರುಗಿಸತಕ್ಕದ್ದು’ ಎಂಬ ಕರಾರಿನ ಮೇಲೆಯೇ ಕೈಗೆ ಬಂದ ಕೆಲವು ವಸ್ತುಗಳೂ ಸಂಗ್ರಹಕಾರರ ಪೆಟ್ಟಿಗೆಯನ್ನು ಸೇರುತ್ತವೆ. ಕಾವಲುಗಾರನ ಬಿಲ್ಲೆ ಅಂಥದೊಂದು. ಅದು ಯಾರದು ಎಂಬ ಪ್ರಶ್ನೆ ಮೇಲುನೋಟಕ್ಕೆ ತೋರುವಷ್ಟು ಹಗುರವಾದದ್ದಲ್ಲ.

ಅಮೆರಿಕದಲ್ಲಿ ನಾಸಾ ಎಂಬ ಬಾಹ್ಯಾಕಾಶ ಸಂಸ್ಥೆಯ ಹಳೆಯ ಕಾವಲುಗಾರರ ಬಿಲ್ಲೆಗಳನ್ನು ಅರಸಿ ಕೂಡಿಡುವವರಿದ್ದಾರೆ. ಗಗನಯಾತ್ರಿಗಳು ಚಂದ್ರನಿಂದ ತಂದ ಕಲ್ಲು ಇವರಿಗೆ ಸಿಕ್ಕುವಂತಿಲ್ಲ, ಅದು ಸರ್ಕಾರದ ಸ್ವತ್ತು. ಅವರು ತೊಟ್ಟ ಉಡುಪು ಗಾಜಿನ ಹಿಂದೆ ಇದೆ. ಬಾಗಿಲಲ್ಲಿ ನಿಂತವನ ಎದೆಯ ಮೇಲಿದ್ದ ಲೋಹದ ತುಂಡು ಮಾತ್ರ ಹೇಗೋ ಕೈಗೆಟಕುತ್ತದೆ. ನಾಸಾ ಕಾರ್ಯಾರಂಭ ಮಾಡಿದ್ದು 1958ರ ಅಕ್ಟೋಬರ್ 1ರಂದು. ಅದಕ್ಕೆ ಮುಂಚೆ, 1915ರಿಂದ, ನಾಕಾ ಎಂಬ ವಿಮಾನ ಸಂಶೋಧನೆಯ ಸಮಿತಿಯೊಂದಿತ್ತು. ಅದರ ಪ್ರಯೋಗಾಲಯಗಳೂ ಸುಮಾರು 8,000 ನೌಕರರೂ ಆ ಒಂದೇ ದಿನ ಹೊಸ ಸಂಸ್ಥೆಯ ವಶವಾದರು. ಹಿಂದಿನ ಸಂಜೆ ಮುಚ್ಚಿದ ಬಾಗಿಲನ್ನೇ ಮರುದಿನ ಬೆಳಗ್ಗೆ ತೆರೆದರು. ಮೇಲಿನ ಹೆಸರು ಮಾತ್ರ ಬೇರೆ. ಸಂಗ್ರಹಕಾರನ ಕಣ್ಣು ಇಂಥ ತಿರುವುಗಳ ಮೇಲೆಯೇ ಇರುತ್ತದೆ.

ಇದು ದೂರದ ದೇಶದ ಹುಚ್ಚು ಎಂದು ನಮ್ಮವರು ನಗಬೇಕಾಗಿಲ್ಲ. ಬಳ್ಳಾರಿಗೂ ಒಂದು ಅಕ್ಟೋಬರ್ 1 ಉಂಟು. 1953ರ ಆ ದಿನ ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಖಜಾನೆಯ ಬಾಗಿಲು ಅದೇ, ಬೀಗ ಅದೇ, ಬಾಗಿಲ ಮುಂದೆ ನಿಂತಿದ್ದ ಮನುಷ್ಯನೂ ಬಹುಶಃ ಅವನೇ. ಅವನು ಯಾವ ಸರ್ಕಾರದ ಕಾವಲುಗಾರ ಎಂಬುದು ಮಾತ್ರ ರಾತ್ರಿ ಬೆಳಗಾಗುವುದರೊಳಗೆ ಬದಲಾಗಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಂಪನಿ, ರಾಣಿ, ಮದರಾಸು, ಮೈಸೂರು, ಕರ್ನಾಟಕ—ಇಷ್ಟು ಒಡೆತನಗಳನ್ನು ಕಂಡ ಊರಿನಲ್ಲಿ ಬಿಲ್ಲೆಗಳಿಗೆ ಬರವೆಲ್ಲಿಯದು?

ನನ್ನ ಬಳಿಯೂ ಎಂಟು ಬಿಲ್ಲೆಗಳಿವೆ. ಬಹುಪಾಲು ಹಿತ್ತಾಳೆಯವು, ಹಿಂದೆ ಪಟ್ಟಿಗೆ ಸಿಕ್ಕಿಸುವ ಕೊಂಡಿ, ಮುಂದೆ ಇಲಾಖೆಯ ಹೆಸರು, ಕೆಳಗೆ ಒಂದು ಸಂಖ್ಯೆ. ವರ್ಷಗಟ್ಟಲೆ ಹುಣಸೆಹಣ್ಣು ಹಚ್ಚಿ ಉಜ್ಜಿದ್ದರಿಂದ ಅಕ್ಷರಗಳ ಅಂಚು ಸವೆದು ನುಣುಪಾಗಿದೆ. ಐದನ್ನು ಕೌಲ್ ಬಜಾರಿನ ಗುಜರಿ ಅಂಗಡಿಗಳಲ್ಲಿ ಹಿತ್ತಾಳೆಯ ತೂಕಕ್ಕೆ ತಂದೆ. ಮೂರನ್ನು ಮನೆಯವರೇ ಕರೆದು ಕೊಟ್ಟರು. ಅವನ್ನು ಅಂಗೈಯಲ್ಲಿಟ್ಟುಕೊಂಡಾಗಲೆಲ್ಲ ಸಂತೋಷದ ಜೊತೆಗೆ ಸಣ್ಣದೊಂದು ಸಂಕೋಚವೂ ಆಗುತ್ತದೆ. ಆ ಸಂಕೋಚದ ಮೂಲವನ್ನು ಹುಡುಕುವುದೇ ಈ ಬರಹದ ಉದ್ದೇಶ.

ಕಾನೂನು ಏನು ಹೇಳುತ್ತದೆ? ಸರ್ಕಾರಿ ನೌಕರನೆಂದು ಜನ ನಂಬಲಿ ಎಂಬ ದುರುದ್ದೇಶದಿಂದ ನೌಕರನ ಉಡುಪನ್ನೋ ಗುರುತನ್ನೋ ಧರಿಸುವುದು ನಮ್ಮಲ್ಲಿ ಅಪರಾಧ. ಹಳೆಯ ದಂಡಸಂಹಿತೆಯ 171ನೆಯ ಕಲಮಿನಲ್ಲಿ ಇದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯ 205ನೆಯ ಕಲಮಿನಲ್ಲಿದೆ. ಅಮೆರಿಕದ ಕಾನೂನು ಇನ್ನೂ ಬಿಗಿ: ಸರ್ಕಾರದ ಅಧಿಕೃತ ಬಿಲ್ಲೆಯನ್ನು ಅನುಮತಿಯಿಲ್ಲದೆ ಮಾಡುವುದು, ಮಾರುವುದು ಮಾತ್ರವಲ್ಲ, ಇಟ್ಟುಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. ಕಾನೂನಿಗೆ ಇರುವ ಭಯ ಮೋಸದ್ದು. ನಾನು ಬಿಲ್ಲೆ ಧರಿಸಿ ಯಾರನ್ನೂ ಹೆದರಿಸಲು ಹೊರಟವನಲ್ಲವಾದ್ದರಿಂದ ನಮ್ಮ ಕಾನೂನು ನನ್ನನ್ನು ಬಿಟ್ಟುಬಿಡುತ್ತದೆ. ಕಾನೂನು ಬಿಟ್ಟರೂ ಪ್ರಶ್ನೆ ಬಿಡುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ಈ ಸೀಮೆಯಲ್ಲಿ ಹಿಂದೆ ಕಾವಲಿಗೆ ಬಿಲ್ಲೆ ಬೇಕಿರಲಿಲ್ಲ. ಹಳ್ಳಿಗೊಬ್ಬ ತಳವಾರ, ಹಳ್ಳಿಗಳ ಮೇಲೆ ಪಾಳೆಯಗಾರ. ಕಾವಲಿಗೆಂದು ಊರು ಧಾನ್ಯವನ್ನೋ ಹಣವನ್ನೋ ಕೊಡುತ್ತಿತ್ತು. ಪ್ರತಿಯಾಗಿ, ಕಳವಾದ ಮಾಲು ಪತ್ತೆಯಾಗದಿದ್ದರೆ ಕಾವಲು ಹೊತ್ತವನೇ ಅದರ ಬೆಲೆ ತೆರಬೇಕಾಗಿತ್ತು. ಕೇಳುವುದಕ್ಕೆ ಬಹಳ ನ್ಯಾಯವಾದ ಕರಾರು. ಆದರೆ ಕಾಲಕ್ರಮದಲ್ಲಿ ಕಾವಲು ಹಕ್ಕಾಯಿತು; ಹಕ್ಕು ತಂದೆಯಿಂದ ಮಗನಿಗೆ ಇಳಿಯಿತು; ಗುಡ್ಡದ ಮೇಲೆ ಕೋಟೆ ಎದ್ದಿತು; ಕಾಯಲು ಬಂದವನೇ ಒಡೆಯನಾದ. 1800ರಲ್ಲಿ ನಿಜಾಮನಿಂದ ಈ ಜಿಲ್ಲೆಗಳು ಕಂಪನಿಯ ವಶವಾದಾಗ ಕಲೆಕ್ಟರಾಗಿ ಬಂದ ತಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ಪಾಳೆಯಗಾರರನ್ನು ಅಡಗಿಸುವುದು ಅವನ ಮೊದಲ ಕೆಲಸಗಳಲ್ಲೊಂದಾಯಿತು. ಹಾಗೆಂದು ಕಂಪನಿಯೇನು ಧರ್ಮಾತ್ಮನೆ? ತನ್ನ ಮಳಿಗೆಗಳ ಕಾವಲಿಗೆಂದು ಸಿಪಾಯಿಗಳನ್ನು ಇಟ್ಟುಕೊಂಡು, ಆ ಕಾವಲನ್ನೇ ಹಿಗ್ಗಿಸುತ್ತ ದೇಶವನ್ನೇ ನುಂಗಿದ್ದು ಅದೇ ಅಲ್ಲವೇ!

ಈ ಇತಿಹಾಸದ ಪಕ್ಕದಲ್ಲಿ ಜವಾನನ ಬಿಲ್ಲೆಯನ್ನು ಇಟ್ಟು ನೋಡಿದರೆ ಅದರ ಸಂಖ್ಯೆಗೆ ಹೊಸದೊಂದು ಅರ್ಥ ಬರುತ್ತದೆ. ಮನುಷ್ಯನಿಗೆ ಹೆಸರಿರುವಾಗ ಸಂಖ್ಯೆಯೇಕೆ, ಇದು ಅವಮಾನವಲ್ಲವೇ ಎಂದು ನಮಗೆ ಅನಿಸುವುದು ಸಹಜ. ಒಂದು ದೃಷ್ಟಿಯಿಂದ ಅವಮಾನವೇ ಹೌದು. ಆದರೆ ಸಂಖ್ಯೆ ಇನ್ನೊಂದು ಮಾತನ್ನೂ ಹೇಳುತ್ತದೆ: ‘ಈ ಅಧಿಕಾರ ನಿನ್ನದಲ್ಲ. ನಿನಗಿಂತ ಮುಂಚೆ ಬೇರೊಬ್ಬ ಇದನ್ನು ತೊಟ್ಟಿದ್ದ, ನಿನ್ನ ನಂತರ ಮತ್ತೊಬ್ಬ ತೊಡುತ್ತಾನೆ. ನಿನ್ನ ಮಗನಿಗೆ ಇದನ್ನು ಬಿಟ್ಟುಹೋಗುವಂತಿಲ್ಲ.’ 1961ರ ಕಾನೂನು ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿದಾಗ ಪುಸ್ತಕದಲ್ಲಿ ಬರೆದದ್ದೂ ಈ ಮಾತನ್ನೇ. ಪಾಳೆಯಗಾರನಿಗೂ ಪಹರೆಯವನಿಗೂ ಇರುವ ಅಂತರ ಶಕ್ತಿಯ ಪ್ರಮಾಣದಲ್ಲಿ ಮಾತ್ರ ಇಲ್ಲ. ಒಬ್ಬ ಕೊಟ್ಟದ್ದನ್ನು ಇಟ್ಟುಕೊಂಡ, ಇನ್ನೊಬ್ಬ ಹಿಂದಿರುಗಿಸಿದ. ಸಾರ್ವಜನಿಕ ಅಧಿಕಾರದ ಧರ್ಮವೆಲ್ಲ ಈ ಹಿಂದಿರುಗಿಸುವುದರಲ್ಲಿ ಅಡಗಿದೆ.

ಇದನ್ನು ನಾನು ಪುಸ್ತಕದಿಂದ ಕಲಿತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸಿರುಗುಪ್ಪದಲ್ಲಿ ಗದ್ದೆಗಳ ಕಡೆಗಿನ ಓಣಿಯೊಂದರಲ್ಲಿ, ಸರ್ಕಾರಿ ಉಗ್ರಾಣವೊಂದರಲ್ಲಿ ರಾತ್ರಿ ಪಹರೆ ಮಾಡುತ್ತಿದ್ದವರ ಮನೆಯಿದೆ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಬಿಲ್ಲೆ ಮನೆಯಲ್ಲೇ ಉಳಿದಿದೆಯೆಂದು ಪರಿಚಿತರು ಹೇಳಿದ್ದರಿಂದ ಹೋದೆ. ಅವರ ಹೆಂಡತಿ, ಎಂಬತ್ತು ದಾಟಿದ ಮುದುಕಿ, ದೇವರ ಗೂಡಿನ ಕೆಳಗಿನ ಮರದ ಪೆಟ್ಟಿಗೆಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿ ತೋರಿಸಿದರು. ಬಿಲ್ಲೆ ಥಳಥಳಿಸುತ್ತಿತ್ತು. ಮೊಮ್ಮಗ ಬಾಗಿಲಿಗೆ ಒರಗಿ ನಿಂತು, “ಕೊಟ್ಟುಬಿಡಜ್ಜಿ, ನಾಕು ರೊಕ್ಕ ಬರ್ತೈತಿ” ಎಂದ.

“ನಮ್ದಲ್ಲದ್ದು ಹೆಂಗ ಮಾರಾಕ ಬರ್ತೈತೋ?” ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದರು.

“ಮತ್ತೆ ಇದು ಯಾರದವ್ವಾ?” ಎಂದೆ.

“ಸರ್ಕಾರದ್ದು ಯಪ್ಪಾ. ಅವರು ಹೋದ ಮ್ಯಾಲ ಕೇಳಾಕ ಯಾರೂ ಬರ್ಲಿಲ್ಲ. ನಾಳೆ ಯಾರಾರ ಬಂದು, ಎಲ್ಲೈತಿ ಅಂದ್ರ ಕೊಡಬೇಕಲ್ಲ? ಅದಕ್ಕ ಇಟ್ಟೀನಿ.”

ನಾನು ಬೆಲೆಯ ಮಾತು ಎತ್ತಲಿಲ್ಲ. ಅವರು ಕೊಟ್ಟ ಮಜ್ಜಿಗೆ ಕುಡಿದು ಬಂದೆ. ಗಂಡನ ಪಹರೆ ಆತನ ಉಸಿರಿನೊಡನೆ ಮುಗಿದಿತ್ತು. ಹೆಂಡತಿಯದು ಇನ್ನೂ ನಡೆದಿತ್ತು, ಸಂಬಳವಿಲ್ಲದೆ, ಹಾಜರಿ ಪುಸ್ತಕವಿಲ್ಲದೆ.

ಬಳ್ಳಾರಿಯಲ್ಲಿ ವಕೀಲರಾಗಿರುವ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕರು. “ಮುದುಕಿಯ ಕಾಲ ಮುಗಿದ ಮೇಲೆ ಮೊಮ್ಮಗ ಅದನ್ನು ಗುಜರಿಗೆ ಹಾಕುತ್ತಾನೆ. ಅದು ಕರಗಿ ನಲ್ಲಿಯ ತಿರುಪಾಗುತ್ತದೆ. ನೀವು ಕೊಂಡಿದ್ದರೆ ಉಳಿಯುತ್ತಿತ್ತು. ಸರ್ಕಾರ ಮರೆತ ವಸ್ತುವನ್ನು ಕಾದು ಕುಳಿತರೆ ಯಾರಿಗೆ ಲಾಭ?” ಎಂದರು. ಇದು ತಳ್ಳಿಹಾಕುವ ವಾದವಲ್ಲ. ಸಂಗ್ರಹಕಾರರಿಲ್ಲದಿದ್ದರೆ ಎಷ್ಟೋ ಬಡವರ ಬಾಳಿನ ಗುರುತು ಕುಲುಮೆಯಲ್ಲಿ ಕರಗಿಹೋಗುತ್ತಿತ್ತು. ಅರಸರ ಕತ್ತಿಯನ್ನು ಕಾಪಾಡುವುದಕ್ಕೆ ಅರಮನೆಯಿದೆ. ಪಹರೆಯವನ ಬಿಲ್ಲೆಗೆ ನಮ್ಮಂಥ ನಾಲ್ಕು ಜನ ಹುಚ್ಚರೇ ಗತಿ.

ಆದರೂ ಅವರ ವಾದದಲ್ಲಿ ಒಂದು ಬಿರುಕುಂಟು. ಮರೆತವನು ಬಿಟ್ಟುಕೊಟ್ಟವನೆಂದು ಅದು ಭಾವಿಸುತ್ತದೆ. ಸಾಲ ಕೊಟ್ಟವನು ಮರೆತರೆ ಸಾಲ ತೀರಿತೇ? ನೆನಪಿಸಿ ಕೇಳುವವನು ಎದುರಿಗೆ ನಿಂತಿರುವಾಗ ಕೊಡುವುದರಲ್ಲಿ ದೊಡ್ಡತನವೇನಿದೆ! ಕೇಳುವವರಿಲ್ಲದಾಗ ಏನು ಮಾಡುತ್ತೇವೆ ಎಂಬುದೇ ಪ್ರಾಮಾಣಿಕತೆಯ ಅಳತೆ. ಉಗ್ರಾಣದ ಮುಂದೆ ನಡುರಾತ್ರಿಯಲ್ಲಿ ಒಬ್ಬನೇ ಕುಳಿತವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ವೃತ್ತಿಯೇ ಅದು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣವಾದದ್ದು. ಬಿಲ್ಲೆಯನ್ನು ಇಷ್ಟು ಹೊಗಳಬೇಕೆ? ಈ ಹಿತ್ತಾಳೆಯನ್ನು ಕಂಡು ಬಡವರು ನಡುಗಿದ್ದಾರೆ. ಕಚೇರಿಯ ಮೆಟ್ಟಿಲ ಮೇಲೆ ಬಿಲ್ಲೆಯವನು ಗದರಿಸಿದ ಮಾತಿಗೆ ರೈತ ಬಿಸಿಲಿನಲ್ಲಿ ದಿನವೆಲ್ಲ ನಿಂತಿದ್ದಾನೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬಳ್ಳಾರಿಯ ಅಲ್ಲೀಪುರದ ಸೆರೆಮನೆಯಲ್ಲಿ ಸತ್ಯಾಗ್ರಹಿಗಳನ್ನು ಕೂಡಿಟ್ಟಿದ್ದಾಗಲೂ ಬಾಗಿಲಲ್ಲಿ ಕಾವಲುಗಾರರಿದ್ದರಷ್ಟೆ. ನಿಜ. ಕಾವಲೆಂಬುದು ತಾನೇ ತಾನಾಗಿ ಪುಣ್ಯವಲ್ಲ. ಏನನ್ನು, ಯಾರಿಂದ ಕಾಯುತ್ತಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ಬಿಲ್ಲೆಯನ್ನು ಪೆಟ್ಟಿಗೆಯಲ್ಲಿ ಇಡುವವನು ಅದರ ಹೊಳಪನ್ನು ಮಾತ್ರ ಇಟ್ಟುಕೊಂಡು ಅದು ಹುಟ್ಟಿಸಿದ ಹೆದರಿಕೆಯನ್ನು ಹೊರಗೆ ಬಿಡುವಂತಿಲ್ಲ. ಎರಡೂ ಸೇರಿಯೇ ಅದರ ಕಥೆ.

ಕುರುಗೋಡಿಗೆ ಹೋದವರು ದೊಡ್ಡ ಬಸವೇಶ್ವರನ ದರ್ಶನ ಮಾಡಿ ಮರಳುವುದು ವಾಡಿಕೆ. ಇನ್ನು ಸ್ವಲ್ಪ ಕಾಲಾಡಿಸಿದರೆ 12ನೆಯ ಶತಮಾನದಲ್ಲಿ ಇಲ್ಲಿ ಆಳಿದ ಸಿಂದರ ಕಾಲದ ಶಿಲ್ಪವೂ ನೋಡಸಿಕ್ಕುತ್ತದೆ. ನಮ್ಮ ಹಳೆಯ ಗುಡಿಗಳ ಬಾಗಿಲುವಾಡವನ್ನು ನಿಂತು ನೋಡಿದವರಿಗೆ ದ್ವಾರಪಾಲಕರ ಪರಿಚಯವಿದ್ದೇ ಇರುತ್ತದೆ. ಅವರ ಬೆನ್ನು ದೇವರ ಕಡೆಗೆ, ಮುಖ ನಮ್ಮ ಕಡೆಗೆ. ಎಂಟು ನೂರು ವರ್ಷ ಗರ್ಭಗುಡಿಯ ಬಾಗಿಲಲ್ಲಿದ್ದೂ ಒಳಗಿನ ದೀಪವನ್ನು ಒಮ್ಮೆಯೂ ನೋಡದವರು ಅವರು. ಪೂಜೆ ನಿಂತುಹೋದ ಗುಡಿಗಳಲ್ಲಿ ಕೂಡ, ಒಳಗೆ ಬಾವಲಿಗಳಿದ್ದರೂ ಸರಿಯೇ, ಹೊರಗೆ ಅವರು ನಿಂತೇ ಇದ್ದಾರೆ.

ಕಾವಲಿನ ಪಾಡೇ ಇದು. 1969ರ ಜುಲೈ 16ರಂದು ಅಪೊಲೊ 11 ಮೇಲೇರಿದಾಗ ಸುತ್ತಲಿನ ದಂಡೆಗಳಲ್ಲಿಯೂ ರಸ್ತೆಗಳಲ್ಲಿಯೂ ಸುಮಾರು 10 ಲಕ್ಷ ಜನ ನೆರೆದಿದ್ದರೆನ್ನುತ್ತಾರೆ. ಅಷ್ಟೂ ಜನ ಆಕಾಶವನ್ನು ನೋಡುತ್ತಿರುವಾಗ ಜನವನ್ನು ನೋಡುತ್ತ ನಿಲ್ಲಬೇಕಾದವರು ಕಾವಲಿನವರು. ಅದೇ ವರ್ಷದ ಮಾರ್ಚ್ 10ರಂದು ನಮ್ಮ ದೇಶದಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಹುಟ್ಟಿತು, ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಇಂದು ಇಸ್ರೋದ ಕೇಂದ್ರಗಳ ಬಾಗಿಲಲ್ಲಿ ನಿಲ್ಲುವುದು ಆ ಪಡೆಯೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ ಚಂದ್ರನ ಮೇಲಿಳಿದಾಗ ಊರೂರಲ್ಲಿ ಸಿಹಿ ಹಂಚಿದೆವು. ಒಳಗಿದ್ದ ವಿಜ್ಞಾನಿಗಳ ಹೆಸರುಗಳನ್ನು ಮಕ್ಕಳು ಸಹ ಬಲ್ಲರು. ಹೊರಬಾಗಿಲಲ್ಲಿ ರಸ್ತೆಯ ಕಡೆ ಮುಖಮಾಡಿ ನಿಂತವನ ಹೆಸರು ಅವನ ಮನೆಯವರಿಗೆ ಗೊತ್ತು.

ಹಾಗಾದರೆ ಬಿಲ್ಲೆ ಯಾರದು? ಕೊಟ್ಟ ಸರ್ಕಾರ ಮರೆತಿದೆ, ಕೆಲವೊಮ್ಮೆ ಆ ಸರ್ಕಾರವೇ ಇಲ್ಲ. ತೊಟ್ಟವನಿಗೆ ಅದು ಎಂದೂ ಸ್ವಂತವಾಗಿರಲಿಲ್ಲ. ಇನ್ನು ಕೊಂಡವನು ಕೊಟ್ಟದ್ದು ಹಿತ್ತಾಳೆಯ ಬೆಲೆ. ಅದರ ಮೇಲಿನ ವಿಶ್ವಾಸಕ್ಕೆ ಅವನು ಬೆಲೆ ಕೊಟ್ಟಿಲ್ಲ, ಕೊಡಲು ಬರುವುದೂ ಇಲ್ಲ. ನನಗೆ ತೋರುವ ಮಟ್ಟಿಗೆ ಬಿಲ್ಲೆಗೆ ಒಡೆಯನೇ ಇಲ್ಲ. ಸದ್ಯಕ್ಕೆ ಅದರ ಪಾಳಿ ಯಾರದು ಎಂದು ಕೇಳಬೇಕು, ಅಷ್ಟೆ. ಕೈಗೆ ಬಂದವನ ಪಾಳಿ ಬಂದ ದಿನದಿಂದ ಶುರು.

ಆ ಪಾಳಿಗೂ ಕೆಲವು ನಿಯಮಗಳುಂಟು. ಮನೆಯವರು ಒಲ್ಲೆನೆಂದಲ್ಲಿ ಬೆಲೆ ಏರಿಸಿ ಒಲಿಸಬಾರದು. ಬಡತನದ ಜೊತೆ ಚೌಕಾಸಿ ಮಾಡಿ ಗೆದ್ದ ವಸ್ತು ಲೂಟಿಗೆ ಹತ್ತಿರದ್ದು. ಕೊಟ್ಟಲ್ಲಿ, ಅವರ ಒಪ್ಪಿಗೆಯಿದ್ದರೆ, ಸಂಖ್ಯೆಯ ಜೊತೆಗೆ ಹೆಸರನ್ನೂ ಬರೆದುಕೊಳ್ಳಬೇಕು: ಎಲ್ಲಿ ನಿಂತಿದ್ದರು, ಎಷ್ಟು ವರ್ಷ, ಏನನ್ನು ಕಾದರು. ತುರು ಕಾಯುತ್ತ ಸತ್ತವನಿಗೆ ವೀರಗಲ್ಲು ನೆಟ್ಟು ಹೆಸರು ಕೆತ್ತಿದ ನಾಡು ನಮ್ಮದು. ಬದುಕಿರುವಷ್ಟು ಕಾಲ ಕಾದು ಹಾಸಿಗೆಯಲ್ಲಿ ಸತ್ತವನಿಗೆ ಒಂದು ಚೀಟಿಯಷ್ಟಾದರೂ ಸಲ್ಲಬೇಡವೇ? ಕೊನೆಯದಾಗಿ, ಮನೆಯವರಾಗಲಿ, ಊರಿನ ವಸ್ತುಸಂಗ್ರಹಾಲಯವಾಗಲಿ, ಇಲಾಖೆಯೇ ಆಗಲಿ ಬಂದು ಕೇಳಿದರೆ ಮರುಮಾತಿಲ್ಲದೆ ಕೊಡಬೇಕು. ಈ ಕೊನೆಯದೇ ಕಷ್ಟ. ಸಂಗ್ರಹಕಾರನ ಪ್ರೀತಿಗೆ ಪಾಳೆಯಗಾರನ ಗುಣ ಅಂಟಿಕೊಳ್ಳುವುದು ಬೇಗ.

ನನ್ನ ಎಂಟು ಬಿಲ್ಲೆಗಳಲ್ಲಿ ಮೂರಕ್ಕೆ ಹೆಸರಿನ ಚೀಟಿಯಿದೆ. ಉಳಿದ ಐದು ಗುಜರಿಯಿಂದ ಬಂದವು. ಅವುಗಳ ಹಿಂದೆ ಸಂಖ್ಯೆ ಬಿಟ್ಟು ಬೇರೇನೂ ಉಳಿದಿಲ್ಲ. ಆ ಐದರ ಜೊತೆಯಲ್ಲಿಯೂ ಖಾಲಿ ಚೀಟಿಗಳನ್ನು ಮಡಿಸಿ ಇಟ್ಟಿದ್ದೇನೆ. ಎಂದಾದರೂ ಒಂದು ದಿನ ಯಾರಾದರೂ ಬಂದು, ‘ಇದು ನಮ್ಮ ತಂದೆಯವರದು’ ಎಂದರೆ, ಬರೆಯುವುದಕ್ಕೆ ಜಾಗವಿರಬೇಕು.