ಎಂಜಲಿನ ದಿಕ್ಕು

ಚೌತಿ, ಪಂಚಮಿ, ಷಷ್ಠಿ. ಚಂಪಾ ಷಷ್ಠಿಯ ಈ ಮೂರು ದಿನ ಕುಕ್ಕೆ ಸುಬ್ರಹ್ಮಣ್ಯದ ಹೊರಾಂಗಣದಲ್ಲಿ ಬ್ರಾಹ್ಮಣರ ಪಂಕ್ತಿ ಎದ್ದ ಮೇಲೂ ಬಾಳೆಲೆಗಳನ್ನು ಎತ್ತುತ್ತಿರಲಿಲ್ಲ. ಊಟ ಮುಗಿಯುವುದನ್ನೇ ಕಾಯುತ್ತಿದ್ದ ಭಕ್ತರು ಒದ್ದೆ ಬಟ್ಟೆಯಲ್ಲಿ ಬಂದು ಆ ಎಲೆಗಳ ಮೇಲೆ ಉರುಳುತ್ತಿದ್ದರು. ಅನ್ನ, ಸಾರು, ಪಾಯಸ ಮೈಗೂ ಕೂದಲಿಗೂ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಕುಮಾರಧಾರೆಯಲ್ಲಿ ಮಿಂದು, ಹರಕೆ ತೀರಿತೆಂದು ಊರಿನ ಬಸ್ಸು ಹತ್ತುತ್ತಿದ್ದರು. ಚರ್ಮರೋಗ ವಾಸಿಯಾಗಲಿ, ಮಕ್ಕಳಾಗಲಿ, ನಾಗದೋಷ ಕಳೆಯಲಿ ಎಂಬುದು ಹರಕೆ. ತುಳುವಿನಲ್ಲಿ 'ಮಡೆ' ಎಂದರೆ ಎಂಜಲು. ಹಾಗಾಗಿ ಇದು ಮಡೆಸ್ನಾನ.

ಅವರನ್ನು ಯಾರೂ ಹಿಡಿದು ಮಲಗಿಸಿರಲಿಲ್ಲ.

ಕರ್ನಾಟಕದ ದಲಿತ, ಹಿಂದುಳಿದ ವರ್ಗಗಳ, ಮಹಿಳಾ ಮತ್ತು ಎಡ ಸಂಘಟನೆಗಳು ನಾಲ್ಕು ದಶಕಗಳಿಂದ ಮತ್ತೆ ಮತ್ತೆ ಬಂದು ಮುಟ್ಟಿದ್ದು ಈ ಸಂಗತಿಯನ್ನೇ. ಜಮೀನ್ದಾರನ ವಿರುದ್ಧ, ಸಾರಾಯಿ ಗುತ್ತಿಗೆದಾರನ ವಿರುದ್ಧ ಧರಣಿ ಕೂರುವಾಗ ಎದುರಾಳಿ ಯಾರು ಎಂಬ ಗೊಂದಲವಿರುವುದಿಲ್ಲ. ಆದರೆ ಅವಮಾನವನ್ನು ಅನುಭವಿಸುವವರೇ ಅದನ್ನು ಸೇವೆ ಎಂದು ಕರೆದರೆ? ಭಕ್ತೆಯೇ 'ಇದು ನನ್ನ ಹರಕೆ, ನೀವು ಯಾರು ಕೇಳುವುದಕ್ಕೆ' ಎಂದರೆ? ಸಮಾನತೆಗಾಗಿ ದುಡಿಯುವ ಸಂಘಟಕ ಕೊಡಬೇಕಾದ ಉತ್ತರ ಆಗ ರಾಜಕೀಯದ್ದಷ್ಟೇ ಆಗಿರುವುದಿಲ್ಲ, ಧರ್ಮದ್ದೂ ಆಗಿರುತ್ತದೆ.

ಮಡೆಸ್ನಾನದ ಪರವಾದ ವಾದವನ್ನು ಅದರ ಪೂರ್ಣ ಬಲದಲ್ಲಿಯೇ ಕೇಳಬೇಕು. ಉರುಳುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ, ಬ್ರಾಹ್ಮಣರೂ ಇರುತ್ತಾರೆ ಎಂಬುದು ಮೊದಲ ಮಾತು. ಎರಡನೆಯದು ಇನ್ನೂ ಗಟ್ಟಿ. ಕುಕ್ಕೆಯ ರಥಕ್ಕೆ ಕಾಡಿನಿಂದ ಬೆತ್ತ ತಂದು ಕಟ್ಟುವವರು ಮಲೆಕುಡಿಯರು. ಆ ದೇವರೊಂದಿಗೆ ತಮ್ಮದು ಎಲ್ಲರಿಗಿಂತ ಹಳೆಯ ನಂಟು ಎಂದು ಆ ಸಮುದಾಯ ನಂಬಿದೆ. 2011ರಲ್ಲಿ ಮಡೆಸ್ನಾನವನ್ನು ತಡೆಯಲು ಸರ್ಕಾರ ಮುಂದಾದಾಗ ಮಲೆಕುಡಿಯರಿಂದಲೇ ವಿರೋಧ ಬಂತು. ಇದು ನಮ್ಮ ಆಚರಣೆ, ಇದನ್ನು ನಿಲ್ಲಿಸಿದರೆ ರಥ ಕಟ್ಟುವುದಿಲ್ಲ ಎಂದರು. ಸರ್ಕಾರ ಹಿಂದೆ ಸರಿಯಿತು. ಅದೇ ದಿನಗಳಲ್ಲಿ ಆಚರಣೆಯನ್ನು ವಿರೋಧಿಸಲು ಕುಕ್ಕೆಗೆ ಹೋಗಿದ್ದ ಹಿಂದುಳಿದ ವರ್ಗಗಳ ಸಂಘಟನೆಯ ಮುಖಂಡ ಕೆ.ಎಸ್. ಶಿವರಾಮು ಅವರ ಮೇಲೆ ಹಲ್ಲೆಯಾಯಿತು.

ಪೇಟೆಯಿಂದ ಬಂದ ಸುಧಾರಕ, ಕಾಡಿನ ಅಂಚಿನ ಭಕ್ತ ಎಂದು ಇಬ್ಬರನ್ನು ಎದುರುಬದುರು ನಿಲ್ಲಿಸಿಬಿಟ್ಟರೆ ಸುಧಾರಕನೇ ದರ್ಪದವನಂತೆ ಕಾಣುತ್ತಾನೆ. ಆದರೆ ಉರುಳುವವರು ಯಾರು ಎಂಬುದರ ಜೊತೆಗೆ ಉಂಡವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ. ಉರುಳುವ ಸಾಲಿನಲ್ಲಿ ಎಲ್ಲ ಜಾತಿಯವರೂ ಇರಬಹುದು. ಎಲೆಯ ಮುಂದೆ ಕೂತವರು ಮಾತ್ರ ಒಂದೇ ಜಾತಿಯವರು. ಮಲೆಕುಡಿಯರು ಉಂಡೆದ್ದ ಎಲೆಯ ಮೇಲೆ ಉರುಳಿದರೆ ರೋಗ ವಾಸಿಯಾಗುತ್ತದೆ ಎಂದು ಆ ಹೊರಾಂಗಣದಲ್ಲಿ ಯಾರೂ ನಂಬಿರಲಿಲ್ಲ.

ಎಂಜಲಿಗೆ ನಮ್ಮ ಧಾರ್ಮಿಕ ಕಲ್ಪನೆಯಲ್ಲಿ ವಿಚಿತ್ರ ಸ್ಥಾನವಿದೆ. ಮನೆಯಲ್ಲಿ ಒಬ್ಬರ ತಟ್ಟೆಯದು ಇನ್ನೊಬ್ಬರಿಗೆ ಮೈಲಿಗೆ. ದೇವರ ಮುಂದಿಟ್ಟು ತೆಗೆದದ್ದು ಪ್ರಸಾದ. ಎಂಜಲು ಪ್ರಸಾದವಾಗುವುದಕ್ಕೆ ನಡುವೆ ದೇವರಿರಬೇಕು. ಮಡೆಸ್ನಾನ ಆ ಜಾಗದಲ್ಲಿ ಮನುಷ್ಯರನ್ನು, ಅದರಲ್ಲೂ ಒಂದು ಜಾತಿಯ ಮನುಷ್ಯರನ್ನು ತಂದು ಕೂರಿಸಿತು. ಇದು ಧರ್ಮಕ್ಕೆ ಹೊರಗಿನವರು ಎತ್ತಿದ ಆಕ್ಷೇಪವಲ್ಲ. ದೇವರನ್ನು ನಂಬುವವರೇ ಕೇಳಬಹುದಾದ, ಕೇಳಬೇಕಾದ ಮಾತು.

ಕನ್ನಡದ ಮನಸ್ಸಿಗೆ ಇದಕ್ಕೆ ಸರಿಯಾಗಿ ಎದುರಾದ ಕಥೆಯೊಂದು ಚಿಕ್ಕಂದಿನಿಂದಲೇ ಗೊತ್ತು. ಬೇಡರ ಕಣ್ಣಪ್ಪ ಬೇಟೆಯ ಮಾಂಸವನ್ನು ತಾನು ರುಚಿ ನೋಡಿ, ಚೆನ್ನಾಗಿದ್ದುದನ್ನು ಆರಿಸಿ ಶಿವನಿಗೆ ಇಟ್ಟ. ಬಾಯಲ್ಲಿ ತುಂಬಿ ತಂದ ನೀರಿನಿಂದ ಲಿಂಗಕ್ಕೆ ಅಭಿಷೇಕ ಮಾಡಿದ. ಅರ್ಚಕನಿಗೆ ಅದು ಅಪಚಾರ, ಶಿವನಿಗೆ ಅದು ಪೂಜೆ. 1954ರಲ್ಲಿ ರಾಜಕುಮಾರ್ ನಾಯಕನಾಗಿ ತೆರೆಗೆ ಬಂದ ಮೊದಲ ಚಿತ್ರವೂ ಇದೇ ಕಥೆಯದು. ನಾಡಿನ ಹಳ್ಳಿಹಳ್ಳಿಯ ಟೆಂಟುಗಳಲ್ಲಿ ಜನ ಅದನ್ನು ಕಣ್ಣೀರು ಹಾಕುತ್ತಾ ನೋಡಿದ್ದಾರೆ. ಅಲ್ಲಿ ಎಂಜಲು ಕೆಳಗಿನವನ ಬಾಯಿಂದ ಮೇಲಕ್ಕೆ, ದೇವರವರೆಗೆ ಹೋಗುತ್ತದೆ. ಕುಕ್ಕೆಯ ಹೊರಾಂಗಣದಲ್ಲಿ ಅದು ಮೇಲಿನವರ ಎಲೆಯಿಂದ ಕೆಳಗಿನವರ ಮೈಗೆ ಇಳಿಯುತ್ತಿತ್ತು. ಎರಡೂ ಭಕ್ತಿಯ ಹೆಸರಿನಲ್ಲೇ ನಡೆದವು. ದಿಕ್ಕು ಮಾತ್ರ ಬೇರೆ.

ದಿಕ್ಕಿನ ಈ ಪ್ರಶ್ನೆಯನ್ನು ಜನರ ಬಳಿಗೆ ಒಯ್ಯುವುದು ಹೇಗೆ? ಚಳವಳಿ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆ. ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ಬೇವಿನ ಸೊಪ್ಪು ಹಿಡಿದು ಗುಡ್ಡದ ಗುಡಿಯವರೆಗೆ ನಡೆಯುವ ಹರಕೆ ಅಲ್ಲಿತ್ತು. ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳ ಹೆಣ್ಣುಮಕ್ಕಳು. 1980ರ ದಶಕದ ನಡುವಿನ ಹೊತ್ತಿಗೆ ದಲಿತ ಸಂಘರ್ಷ ಸಮಿತಿ ಹತ್ತು ವರ್ಷ ದಾಟಿತ್ತು. ದಲಿತ ಸಚಿವರೊಬ್ಬರು ಕನ್ನಡ ಸಾಹಿತ್ಯವನ್ನು 'ಬೂಸಾ' ಎಂದದ್ದಕ್ಕೆ ಎದ್ದ 1973ರ ಬೂಸಾ ಗಲಾಟೆಯ ಕಾವಿನಲ್ಲಿ ಒಟ್ಟಾದ ಯುವಕರು, ಭದ್ರಾವತಿಯ ಕಾಲೇಜು ಅಧ್ಯಾಪಕ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಕಟ್ಟಿದ ಸಂಘಟನೆ ಅದು. ಭೂಮಿಗಾಗಿ ಹೋರಾಟ, ಕೇರಿಗಳಲ್ಲಿ ಸಭೆ, ಅಧ್ಯಯನ ಶಿಬಿರ, ತಮಟೆಯೊಂದಿಗೆ ಹಾಡುವ ಹೋರಾಟದ ಹಾಡು, ಎಲ್ಲದರಿಂದ ಅದು ಜಿಲ್ಲೆ ಜಿಲ್ಲೆಗೂ ಹಬ್ಬಿತ್ತು. ಬೆತ್ತಲೆ ಸೇವೆಯನ್ನು ನಿಲ್ಲಿಸಬೇಕೆಂದು ಸಮಿತಿಯ ಕಾರ್ಯಕರ್ತರು ಇತರ ಪ್ರಗತಿಪರರ ಜೊತೆ ಚಂದ್ರಗುತ್ತಿಗೆ ಹೋದರು.

1986ರ ಮಾರ್ಚ್‌ನಲ್ಲಿ ಜಾತ್ರೆಯ ಗುಂಪು ತಿರುಗಿ ಬಿತ್ತು. ತಡೆಯಲು ಬಂದ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು, ಬಟ್ಟೆ ಕಳಚಿ ಮೆರವಣಿಗೆ ಮಾಡಿದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ನಾಡು ಬೆಚ್ಚಿತು. ಸರ್ಕಾರ ವಿಚಾರಣೆಗೆ ಆಯೋಗ ನೇಮಿಸಿತು, ಮುಂದೆ ಬೆತ್ತಲೆ ಸೇವೆ ನಿಷೇಧವಾಯಿತು.

ಚಂದ್ರಗುತ್ತಿಯನ್ನು ಎರಡು ರೀತಿ ಓದಬಹುದು. ಜನ ಸ್ವಇಚ್ಛೆಯಿಂದ ಮಾಡುವುದನ್ನು ತಡೆದರೆ ಹೀಗೇ ಆಗುತ್ತದೆ ಎಂಬುದು ಒಂದು ಓದು. ಇನ್ನೊಂದು ಓದಿಗೆ ಆ ದಿನದ ಹಿಂಸೆಯೇ ಸಾಕ್ಷಿ. ಹರಕೆ ನಿಜಕ್ಕೂ ಆ ಒಬ್ಬ ಹೆಣ್ಣುಮಗಳ ಸ್ವಂತದ್ದಾಗಿದ್ದರೆ, ಅದನ್ನು ಕಾಯಲು ಇಡೀ ಗುಂಪು ಕೈಯೆತ್ತಬೇಕಿರಲಿಲ್ಲ. ಅವಳು ನಡೆಯುವುದು ಅವಳೊಬ್ಬಳ ಭಕ್ತಿಗಾಗಿ ಮಾತ್ರವಲ್ಲ. ನಡೆಯದಿದ್ದರೆ ಅಮ್ಮ ಮುನಿಯುತ್ತಾಳೆ, ಮಗುವಿಗೆ ಕೇಡಾಗುತ್ತದೆ, ಮನೆಯವರು ಬಿಡುವುದಿಲ್ಲ ಎಂಬ ಭಯಗಳೂ ಅವಳ ಬೆನ್ನ ಹಿಂದೆ ನಡೆದಿರುತ್ತವೆ. ಅವಳ ಒಪ್ಪಿಗೆ ಸುಳ್ಳು ಎಂದು ಇದರ ಅರ್ಥವಲ್ಲ. ಬೇಡ ಎನ್ನುವ ಇನ್ನೊಂದು ದಾರಿಯನ್ನು ಯಾರೂ ತೋರಿಸದೆ ಪಡೆದ ಒಪ್ಪಿಗೆ ಅದು. ನಿಷೇಧದ ಆದೇಶ ಆ ದಾರಿಯನ್ನು ತಾನಾಗಿ ತೆರೆಯುವುದಿಲ್ಲ.

ಆ ದಾರಿಯನ್ನು ತೆರೆದವರನ್ನು ಕಾಣಬೇಕೆಂದರೆ ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರಬೇಕು. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಹಾಗಿದ್ದೂ ದೇವಿಯ ಹೆಸರಿನಲ್ಲಿ ಹುಡುಗಿಯರ ಕೊರಳಿಗೆ ಮುತ್ತು ಕಟ್ಟುವುದು ನಿಲ್ಲಲಿಲ್ಲ, ಗುಟ್ಟಾಗಿ ನಡೆಯತೊಡಗಿತು. 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಕಾಯ್ದೆಯ ಪುಸ್ತಕಕ್ಕೂ ಗುಡ್ಡದ ಮೆಟ್ಟಿಲಿಗೂ ನಡುವಿನ ದೂರವನ್ನು ನಡೆದವರು ಮಾಜಿ ದೇವದಾಸಿಯರೇ. ಘಟಪ್ರಭದಲ್ಲಿ 1997ರಲ್ಲಿ ಅವರದೇ ಸಂಸ್ಥೆಯಾಗಿ ನೋಂದಣಿಯಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹಳ್ಳಿಗಳಲ್ಲಿ ಸಂಘ ಕಟ್ಟಿತು, ಉಳಿತಾಯ ಕಲಿಸಿತು, ಹುಣ್ಣಿಮೆಯ ಜಾತ್ರೆಗಳಲ್ಲಿ ಕಾವಲು ನಿಂತಿತು.

ಇಲ್ಲಿ ಮಾತಾಡುವವರು ಬೇರೆ. ಮಗಳನ್ನು ಕರೆತಂದ ತಾಯಿಯ ಮುಂದೆ ನಿಂತವಳು ಪೊಲೀಸಿನವಳಲ್ಲ, ಪೇಟೆಯ ಭಾಷಣಕಾರ್ತಿಯೂ ಅಲ್ಲ. ಒಂದು ಕಾಲಕ್ಕೆ ತನ್ನ ಕೊರಳಿಗೂ ಅದೇ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸು. ಯಲ್ಲಮ್ಮನನ್ನು ಬಿಟ್ಟುಬಿಡು ಎಂದು ಅವಳು ಹೇಳಬೇಕಾಗಿರಲಿಲ್ಲ. ಅಮ್ಮನಿಗೆ ಕಾಯಿ ಒಡಿ, ಉಧೋ ಅನ್ನು, ಮಗಳನ್ನು ಮಾತ್ರ ಮನೆಗೆ ಕರೆದುಕೊಂಡು ಹೋಗು ಎಂದರೆ ಸಾಕು. ದೇವಿ ಕೇಳುವುದು ಭಕ್ತಿಯನ್ನು, ಮಗಳನ್ನು ಕೇಳುವವರು ಬೇರೆಯವರು ಎಂಬ ವಿವೇಕ ಆ ಮಾತಿನಲ್ಲಿದೆ. ಪಂಡಿತರು ಗ್ರಂಥ ಬರೆದು ಮಾಡುವ ಧರ್ಮಜಿಜ್ಞಾಸೆಯನ್ನು ಆ ಹೆಂಗಸರು ಗುಡ್ಡದ ಮೆಟ್ಟಿಲ ಮೇಲೆ ನಿಂತು ಮಾಡಿದರು.

ಧರ್ಮದ್ದು ಯಾವುದು, ಅಲ್ಲದ್ದು ಯಾವುದು ಎಂಬ ಇದೇ ಗೆರೆಯನ್ನು ನ್ಯಾಯಾಲಯಗಳೂ ಹುಡುಕುತ್ತಾ ಬಂದಿವೆ. ಆಶ್ಚರ್ಯವೆಂದರೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಸುಪ್ರೀಂ ಕೋರ್ಟ್ ನೀಡಿದ ಎರಡು ಅಡಿಗಲ್ಲಿನಂಥ ತೀರ್ಪುಗಳು ಹುಟ್ಟಿದ್ದು ಕರಾವಳಿಯಲ್ಲೇ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಒಂದು ಧರ್ಮದ ಅವಶ್ಯಕ ಅಂಗ ಯಾವುದು ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಎಂದಿತು ನ್ಯಾಯಾಲಯ. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ ಬಂತು. ಇದು ಗೌಡ ಸಾರಸ್ವತರ ದೇವಸ್ಥಾನ, ಯಾರನ್ನು ಒಳಗೆ ಬಿಡಬೇಕೆಂಬುದು ತಮ್ಮ ಧಾರ್ಮಿಕ ವಿಷಯ ಎಂಬುದು ಆಡಳಿತದವರ ವಾದ. ಅದು ಧಾರ್ಮಿಕ ವಿಷಯವೇ ಹೌದೆಂದು ನ್ಯಾಯಾಲಯ ಒಪ್ಪಿತು. ಒಪ್ಪಿದ ಮೇಲೂ, ಸಾರ್ವಜನಿಕ ದೇವಸ್ಥಾನಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೆ ತೆರೆಯುವ ಸಂವಿಧಾನದ 25ನೇ ವಿಧಿಯೇ ಮೇಲು ಎಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೆ ಉಳಿಸಿತು. ಆಚರಣೆ ಶಾಸ್ತ್ರೋಕ್ತವೇ ಇರಬಹುದು, ಆದರೂ ಅದು ಇನ್ನೊಬ್ಬರ ಗೌರವವನ್ನು ದಾಟುವಂತಿಲ್ಲ ಎಂಬ ನಿಲುವು ಮೂಲ್ಕಿಯ ತೀರ್ಪಿನಲ್ಲಿ ಸಿಗುತ್ತದೆ.

ಮಡೆಸ್ನಾನದ ವಿಷಯದಲ್ಲಿ ನ್ಯಾಯಾಲಯದ ದಾರಿ ಇಷ್ಟು ನೇರವಾಗಿರಲಿಲ್ಲ. 2012ರಲ್ಲಿ ಹೈಕೋರ್ಟಿನ ಮುಂದೆ ನಡುದಾರಿಯೊಂದು ಬಂತು: ಯಾರೂ ಉಣ್ಣದ, ದೇವರಿಗೆ ಎಡೆಯಿಟ್ಟ ನೈವೇದ್ಯದ ಮೇಲೆ ಉರುಳುವ 'ಎಡೆಸ್ನಾನ'. ಪ್ರಸಾದಕ್ಕೂ ಎಂಜಲಿಗೂ ಇರುವ ವ್ಯತ್ಯಾಸವನ್ನೇ ಹಿಡಿದು ಹೊರಟ ಪರಿಹಾರ ಅದು. ಜಾತಿಯ ಎಲೆ ಹೋಯಿತು, ಉರುಳುವ ದೇಹ ಉಳಿಯಿತು. ಸಂಘಟನೆಗಳಿಗೆ ಅದು ಸಾಲಲಿಲ್ಲ, ಹಳೆಯ ಆಚರಣೆಯೇ ಬೇಕೆಂದವರಿಗೂ ಒಪ್ಪಿಗೆಯಾಗಲಿಲ್ಲ. ವ್ಯಾಜ್ಯ ದೆಹಲಿಗೆ ಹೋಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಡೆಸ್ನಾನಕ್ಕೆ ತಡೆ ನೀಡಿತು.

ಈ ನಡುವೆ ಬೀದಿಯಲ್ಲೂ ವಿಧಾನಸೌಧದಲ್ಲೂ ಇನ್ನೊಂದು ಕೆಲಸ ಸಾಗಿತ್ತು. ಮೌಢ್ಯ ನಿಷೇಧ ಕಾಯ್ದೆಯ ಕರಡನ್ನು 2013ರಲ್ಲಿ ತಜ್ಞರು ಸಿದ್ಧಪಡಿಸಿದರು. ಅದರ ಪರವಾಗಿ ಜಾಥಾ, ವಿಚಾರ ಸಂಕಿರಣ, ಧರಣಿಗಳು ನಡೆದವು. ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿಯವರಂಥ ಮಠಾಧೀಶರೂ ಬೆಂಬಲಕ್ಕೆ ನಿಂತರು. ಕಾವಿ ಉಟ್ಟವರೇ ಕಾಯ್ದೆ ಬೇಕು ಎಂದಾಗ, ಇದು ನಾಸ್ತಿಕರು ಆಸ್ತಿಕರ ಮೇಲೆ ಹೂಡಿದ ಯುದ್ಧ ಎಂಬ ಟೀಕೆ ಸಡಿಲಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಅವರು ವಚನಗಳ ವಿದ್ವಾಂಸರು, ಈ ಕಾಯ್ದೆಯ ಪರ ಮಾತಾಡಿದ್ದವರು. ಅದಕ್ಕೂ ಎರಡು ವರ್ಷ ಮೊದಲು ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದಿದ್ದರು. ಮಸೂದೆ 2017ರ ನವೆಂಬರಿನಲ್ಲಿ ಅಂಗೀಕಾರವಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಇತರರು ಉಂಡ ಎಂಜಲೆಲೆಯ ಮೇಲೆ ಉರುಳಲು ಅನುವು ಮಾಡಿಕೊಡುವುದು ಈಗ ಅಪರಾಧ. ಕಾಯ್ದೆಯ ಕೈ ಉರುಳುವ ಭಕ್ತನಿಗಿಂತ ಮೊದಲು ಉರುಳಿಸುವ ವ್ಯವಸ್ಥೆಯ ಕಡೆ ಚಾಚಿದೆ. ಚಂದ್ರಗುತ್ತಿಯಿಂದ ಇಲ್ಲಿಗೆ ಬರುವ ಹೊತ್ತಿಗೆ ನಾಡು ಕಲಿತದ್ದು ಆ ಒಂದು ವಿವೇಚನೆಯಲ್ಲಿದೆ.

ಕಾಯ್ದೆ ಜಾರಿಯಾಗುವುದಕ್ಕೂ ಮುಂಚೆ, 2018ರ ಡಿಸೆಂಬರಿನ ಷಷ್ಠಿಯ ಹೊತ್ತಿಗೆ, ಉಡುಪಿಯಿಂದ ಸುದ್ದಿಯೊಂದು ಬಂತು. ಆಗ ಪರ್ಯಾಯ ಪೀಠದಲ್ಲಿದ್ದ, ಅಂದರೆ ಕೃಷ್ಣಪೂಜೆಯ ಸರದಿಯಲ್ಲಿದ್ದ, ಪಲಿಮಾರು ಮಠದ ವಿದ್ಯಾಧೀಶ ತೀರ್ಥರು ಕೃಷ್ಣಮಠದಲ್ಲಿ ಮಡೆಸ್ನಾನವನ್ನು ಮಾತ್ರವಲ್ಲ, ಎಡೆಸ್ನಾನವನ್ನೂ ನಿಲ್ಲಿಸಿದರು. ಪೊಲೀಸರು ಬಂದು ತಡೆದದ್ದಲ್ಲ, ಪೀಠದಲ್ಲಿ ಕೂತವರೇ ಬೇಡ ಎಂದದ್ದು. ವರ್ಷಾನುಗಟ್ಟಲೆ ಬಿಸಿಲಲ್ಲಿ ಘೋಷಣೆ ಕೂಗಿದವರ, ಏಟು ತಿಂದವರ, ಕರಪತ್ರ ಹಂಚಿದವರ ಹೆಸರುಗಳು ಆ ನಿರ್ಧಾರದಲ್ಲಿ ಇರಲಿಲ್ಲ. ಅವರು ಎತ್ತಿದ ಪ್ರಶ್ನೆ ಮಾತ್ರ ಮಠದ ಒಳಗನ್ನು ತಲುಪಿತ್ತು.

ಆದರೂ ಊಟದ ಸಾಲು ಒಂದಾಗಿಲ್ಲ. ಪಂಕ್ತಿಭೇದದ ವಿರುದ್ಧ ಸಂಘಟನೆಗಳು ಉಡುಪಿಯವರೆಗೂ ಜಾಥಾ ಹೋಗಿವೆ, ಆ ಹೋರಾಟ ಮುಗಿದಿಲ್ಲ. ಮಲೆಕುಡಿಯರು ಈಗಲೂ ಷಷ್ಠಿಗೆ ಮುಂಚೆ ಕಾಡಿಗೆ ಹೋಗಿ ಬೆತ್ತ ತರುತ್ತಾರೆ, ಬಾಗಿಸಿ, ಹೆಣೆದು, ದೇವರು ಕೂರುವ ರಥವನ್ನು ಸಿಂಗರಿಸುತ್ತಾರೆ. ಅವರು ಕಟ್ಟಿದ ರಥವನ್ನು ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆಯುತ್ತಾರೆ. ರಥ ನೆಲೆಗೆ ಬಂದ ಮೇಲೆ ಅವರು ಯಾರ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂರುತ್ತಾರೆ ಎಂಬುದು ಸಂಘಟಕರು ಮುಂದೆ ಕೇಳಬೇಕಿರುವ ಪ್ರಶ್ನೆ, ಮತ್ತು ಅದನ್ನು ಮಲೆಕುಡಿಯರ ಜೊತೆಯಲ್ಲಿ ಕೂತೇ ಕೇಳಬೇಕು.