ಪರಾಜಿತ ಪಕ್ಷದ ಧರ್ಮ

ಚುನಾವಣೆಯಲ್ಲಿ ಜಯಶಾಲಿಗಳಾದವರಿಗೆ ಬುದ್ಧಿ ಹೇಳುವವರು ಬಹುಮಂದಿ ಇದ್ದಾರೆ. ಅವರು ಹೇಗೆ ಆಳಬೇಕು, ಯಾರನ್ನು ಮಂತ್ರಿಗಳನ್ನಾಗಿ ಆರಿಸಿಕೊಳ್ಳಬೇಕು, ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ನಡೆಸಬೇಕು ಎಂಬ ವಿಷಯಗಳು ಪತ್ರಿಕೆಗಳಲ್ಲಿಯೂ ಮನೆಯ ಜಗಲಿಗಳಲ್ಲಿಯೂ ನಿತ್ಯವೂ ಚರ್ಚೆಗೆ ಬರುತ್ತವೆ. ಸೋತವರ ವಿಷಯದಲ್ಲಿ ಮಾತ್ರ ನಮ್ಮ ಕುತೂಹಲವು ಒಂದು ವಾರಕ್ಕಿಂತ ಹೆಚ್ಚು ಕಾಲ ನಿಲ್ಲುವುದಿಲ್ಲ. ಆದರೆ ಪ್ರಜಾರಾಜ್ಯದಲ್ಲಿ ಸೋತವರು ಅಳಿದುಹೋದವರಲ್ಲ. ಇಂದು ಸೋತವರೇ ನಾಳೆ ಆಳತಕ್ಕವರಾಗಬಹುದು. ಆದುದರಿಂದ ಸೋಲಿನ ಮರುದಿನ ಅವರ ಮನಸ್ಸಿನೊಳಗೆ ಏನು ನಡೆಯುತ್ತದೆಂಬುದು ಅವರೊಬ್ಬರ ಮನೆಯ ಮಾತಲ್ಲ, ನಮ್ಮೆಲ್ಲರ ಮನೆಯ ಮಾತು.

ಪ್ರಶ್ನೆಯು ಇದು: ಜನರು ತನ್ನನ್ನು ಒಲ್ಲೆವೆಂದಾಗ ಪಕ್ಷವು ತನ್ನ ತತ್ತ್ವವನ್ನು ತಿದ್ದಿಕೊಳ್ಳಬೇಕೆ, ಅಥವಾ ಜನರ ಅಭಿಪ್ರಾಯವನ್ನು ತಿದ್ದುವುದಕ್ಕೆ ಪ್ರಯತ್ನಿಸಬೇಕೆ? ತಿದ್ದಿಕೊಂಡರೆ ಸಮಯಸಾಧಕರೆಂಬ ನಿಂದೆ. ತಿದ್ದಿಕೊಳ್ಳದಿದ್ದರೆ ಹಟಮಾರಿಗಳೆಂಬ ನಿಂದೆ. ಈ ಎರಡು ನಿಂದೆಗಳ ನಡುವೆ ನ್ಯಾಯವಾದ ದಾರಿಯೊಂದು ಇದೆಯೆ?

ಸುಲಭವಾದ ಉತ್ತರಗಳು ಎರಡಿವೆ. ಮತದಾರನು ಮೋಸಹೋದನು, ಹಣಕ್ಕೆ ಸೋತನು, ಜಾತಿಗೆ ಮರುಳಾದನು, ಆದುದರಿಂದ ನಮ್ಮಲ್ಲಿ ತಪ್ಪೇನೂ ಇಲ್ಲ ಎಂಬುದು ಒಂದು. ಕುಣಿಯಲಾರದವಳು ನೆಲ ಡೊಂಕೆಂದ ಮಾತು ಇದು. ಇದರ ಮೇಲೆ ಹೆಚ್ಚು ಕಾಲವನ್ನು ವ್ಯಯಮಾಡಬೇಕಾಗಿಲ್ಲ. ನೆಲವು ಕೆಲವು ವೇಳೆ ನಿಜವಾಗಿಯೂ ಡೊಂಕಾಗಿರುವುದುಂಟೆಂಬುದನ್ನು ಮಾತ್ರ ಒಪ್ಪಬೇಕು. ಎರಡನೆಯ ಉತ್ತರವು ನೋಡುವುದಕ್ಕೆ ವಿನಯದಂತೆ ಕಾಣುವುದರಿಂದ ಹೆಚ್ಚು ಅಪಾಯಕರವಾದುದು. ಮತದಾರನೇ ದೊರೆ, ಅವನು ಬಯಸಿದುದನ್ನು ಕೊಡುವುದೇ ನಮ್ಮ ಕೆಲಸ ಎನ್ನುವವರು ಇದನ್ನು ಹೇಳುತ್ತಾರೆ. ಗಿರಾಕಿಗಳು ಕೇಳದ ಬಟ್ಟೆಯನ್ನು ಬಿಟ್ಟು ಕೇಳುವ ಬಟ್ಟೆಯನ್ನು ತರಿಸುವ ಜವಳಿಯಂಗಡಿಯವನನ್ನು ಯಾರೂ ಚಂಚಲನೆಂದು ಹಳಿಯುವುದಿಲ್ಲ. ಆದರೆ ಅಂಗಡಿಯವನು ಈ ಬಟ್ಟೆಯೇ ನಿಮಗೆ ಹಿತವೆಂದು ಪ್ರಮಾಣಮಾಡಿ ಹೇಳಿದ್ದವನಲ್ಲ. ಪಕ್ಷವು ಹಾಗೆ ಹೇಳಿದೆ. ಅದರ ಮಾತನ್ನು ನಂಬಿ, ಸೋಲುವುದು ಖಂಡಿತವೆಂದು ಗೊತ್ತಿದ್ದೂ ಅದಕ್ಕೇ ಮತ ಕೊಟ್ಟವರು ಲಕ್ಷಾಂತರ ಮಂದಿ ಇದ್ದಾರೆ. ರಾತ್ರಿ ಬೆಳಗಾಗುವುದರೊಳಗೆ ತತ್ತ್ವವನ್ನು ಬದಲಾಯಿಸುವ ಪಕ್ಷವು ತನ್ನನ್ನು ಬಿಟ್ಟುಹೋದವರನ್ನು ಒಲಿಸಿಕೊಳ್ಳುವುದಕ್ಕಾಗಿ ತನ್ನನ್ನು ಬಿಡದೆ ಉಳಿದವರಿಗೆ ದ್ರೋಹಮಾಡುತ್ತದೆ.

ಭಾರವಿಯ ಕಿರಾತಾರ್ಜುನೀಯವನ್ನು ಓದಿದವರಿಗೆ ಅದರ ಪ್ರಾರಂಭವು ನೆನಪಿರಬಹುದು. ಜೂಜಿನಲ್ಲಿ ಸೋತು ದ್ವೈತವನದಲ್ಲಿದ್ದ ಧರ್ಮರಾಯನ ಬಳಿಗೆ, ಬ್ರಹ್ಮಚಾರಿಯ ವೇಷದಲ್ಲಿ ಹೋಗಿ ಶತ್ರುವಿನ ಆಡಳಿತವನ್ನು ನೋಡಿಬಂದ ವನೇಚರನೊಬ್ಬನು ಬರುತ್ತಾನೆ. ಅವನು ತರುವ ವರದಿ ಪ್ರಿಯವಾದುದಲ್ಲ. ಕಪಟದಿಂದ ಗೆದ್ದ ರಾಜ್ಯವನ್ನು ದುರ್ಯೋಧನನು ಈಗ ನೀತಿಯಿಂದ ಗೆಲ್ಲಲು ಹವಣಿಸುತ್ತಿದ್ದಾನೆ. ದಂಡನೆಯಲ್ಲಿ ಶತ್ರುವೆಂದೂ ಮಗನೆಂದೂ ಭೇದವೆಣಿಸುವುದಿಲ್ಲ. ಮಳೆಯೊಂದನ್ನೇ ನಂಬದೆ ಬೆಳೆ ಬರುವಂತೆ ನೆಲಕ್ಕೆ ನೀರಿನ ಅನುಕೂಲ ಮಾಡಿಸಿದ್ದಾನೆ ಎಂದು ಅವನು ಹೇಳುತ್ತಾನೆ. ಸೋತವನ ಎದುರಿಗೆ ನಿಂತು ಗೆದ್ದವನ ಗುಣಗಳನ್ನು ಹೇಳುವುದು ಎಷ್ಟು ಕಷ್ಟ! ಅದನ್ನು ಕೇಳುವುದು ಅದಕ್ಕಿಂತ ಕಷ್ಟ. ವ್ಯಾಸಭಾರತದ ವನಪರ್ವದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿನ ಮಾತಿದೆ. ಭೀಮನು ನಿಂದಿಸಿದಾಗ ಧರ್ಮರಾಯನು, ಶಕುನಿಯ ಕಪಟವನ್ನು ಎತ್ತುವುದಕ್ಕೆ ಮುಂಚೆಯೇ, ತಾನು ದಾಳಗಳನ್ನು ಕೈಗೆ ತೆಗೆದುಕೊಂಡದ್ದು ದುರ್ಯೋಧನನ ರಾಜ್ಯವನ್ನು ಕಸಿದುಕೊಳ್ಳುವ ಆಸೆಯಿಂದಲೇ ಎಂದು ಒಪ್ಪಿಕೊಳ್ಳುತ್ತಾನೆ. ಸೋತವರಲ್ಲಿ ಎಷ್ಟು ಮಂದಿಗೆ ಈ ಕ್ರಮದಲ್ಲಿ ಮಾತನಾಡುವ ಧೈರ್ಯವಿರುತ್ತದೆ?

ಆಧುನಿಕ ಚರಿತ್ರೆಯಲ್ಲಿ ಇದಕ್ಕೆ ಸಮೀಪವಾದ ಉದಾಹರಣೆಯೊಂದು ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ೧೯೪೫ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ದೇಶವನ್ನು ಆ ಮಹಾವಿಪತ್ತಿನಿಂದ ದಾಟಿಸಿದವರು ಚರ್ಚಿಲ್ಲರು. ಜುಲೈ ೨೬ರಂದು ಚುನಾವಣೆಯ ಫಲಿತಾಂಶ ಬಂದಾಗ ಅವರ ಕನ್ಸರ್ವೇಟಿವ್ ಪಕ್ಷವು ನೆಲಕಚ್ಚಿತ್ತು. ಲೇಬರ್ ಪಕ್ಷಕ್ಕೆ ೩೯೩ ಸ್ಥಾನಗಳು ಬಂದಿದ್ದವು. ಜನರು ಕೃತಘ್ನರು ಎಂದು ಹೇಳಿ ಸುಮ್ಮನಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವ ಪಕ್ಷಕ್ಕೂ ದೊರೆತಿರಲಾರದು. ಸಮಾಜವಾದಿಗಳು ಆಳಬೇಕಾದರೆ ಗೆಸ್ಟಾಪೋದಂಥ ಪೋಲೀಸು ಬೇಕಾದೀತೆಂದು ಚರ್ಚಿಲ್ಲರು ಚುನಾವಣೆಗೆ ಮುಂಚೆ ರೇಡಿಯೋದಲ್ಲಿ ಹೇಳಿದ್ದರು. ಆದರೆ ಆ ಸಮಾಜವಾದಿಗಳ ನಾಯಕರಾದ ಆಟ್ಲಿಯವರು ಯುದ್ಧಕಾಲದಲ್ಲಿ ಅವರದೇ ಮಂತ್ರಿಮಂಡಲದ ಉಪಪ್ರಧಾನಿಗಳಾಗಿದ್ದುದನ್ನು ಜನರು ಕಂಡಿದ್ದರು. ಜನರಿಗೆ ಬೇಕಾಗಿದ್ದುದು ಮನೆ, ಉದ್ಯೋಗ, ಕಾಯಿಲೆ ಬಂದಾಗ ವೈದ್ಯ. ೧೯೪೨ರ ಕೊನೆಯಲ್ಲಿ ಹೊರಬಂದ ಬೆವೆರಿಡ್ಜರ ವರದಿಯು ಇವು ಸಾಧ್ಯವೆಂದು ಅವರಿಗೆ ತಿಳಿಸಿತ್ತು. ಯುದ್ಧವನ್ನು ಗೆದ್ದುಕೊಟ್ಟವರಿಗೆ ಕೃತಜ್ಞತೆ ಸಲ್ಲುತ್ತದೆ. ಮುಂದಿನ ಐದು ವರ್ಷಗಳ ಆಡಳಿತವು ಕೃತಜ್ಞತೆಯ ಕಾಣಿಕೆಯಲ್ಲ. ಆ ಜನರು ಈ ಭೇದವನ್ನು ತಿಳಿದುಕೊಂಡಿದ್ದರೆಂಬುದು ನನ್ನ ಅಭಿಪ್ರಾಯ.

ಪಕ್ಷದೊಳಗೆ ವನೇಚರನ ಕೆಲಸವನ್ನು ಮಾಡಿದವರು ಆರ್. ಎ. ಬಟ್ಲರರು. ವಿರೋಧಪಕ್ಷದಲ್ಲಿದ್ದಾಗ ವಿವರವಾದ ಕಾರ್ಯಕ್ರಮವನ್ನು ಬರೆದು ಕೈಕಟ್ಟಿಕೊಳ್ಳಬಾರದೆಂಬುದು ಚರ್ಚಿಲ್ಲರ ಮತ. ಆದರೂ ಬಟ್ಲರರ ಸಮಿತಿಯು ೧೯೪೭ರ ಮೇ ತಿಂಗಳಲ್ಲಿ ಕೈಗಾರಿಕೆಯನ್ನು ಕುರಿತ ಸನ್ನದೊಂದನ್ನು ಪ್ರಕಟಿಸಿತು. ಲೇಬರ್ ಸರ್ಕಾರವು ಕಲ್ಲಿದ್ದಲ ಗಣಿಗಳನ್ನೂ ರೈಲ್ವೆಗಳನ್ನೂ ಬ್ಯಾಂಕ್ ಆಫ್ ಇಂಗ್ಲೆಂಡನ್ನೂ ರಾಷ್ಟ್ರೀಕರಿಸಿದುದನ್ನು ಮತ್ತೆ ಕೆಡವುವುದಿಲ್ಲವೆಂದೂ, ಉದ್ಯೋಗವನ್ನು ಕಾಪಾಡುವುದು ಸರ್ಕಾರದ ಹೊಣೆಯೆಂದೂ ಅದು ಒಪ್ಪಿಕೊಂಡಿತು. ಇದು ಗುಲಾಬಿಬಣ್ಣದ ಸಮಾಜವಾದವೆಂದು ಗೊಣಗಿದವರು ಪಕ್ಷದಲ್ಲಿದ್ದರು. ಅದೇ ಕಾಲದಲ್ಲಿ ಪಕ್ಷದ ಅಧ್ಯಕ್ಷರಾಗಿದ್ದ ವೂಲ್ಟನ್ ಪ್ರಭುಗಳು ಬೇರೊಂದು ಕೊಳೆಯನ್ನು ತೊಳೆದರು. ಪಕ್ಷದ ಸ್ಥಳೀಯ ಸಂಘಕ್ಕೆ ದೊಡ್ಡ ಹಣವನ್ನು ಕೊಡಬಲ್ಲವನೇ ಅಭ್ಯರ್ಥಿಯಾಗುವ ಪದ್ಧತಿ ಹಿಂದೆ ಇತ್ತು. ಅಭ್ಯರ್ಥಿಯು ವರ್ಷಕ್ಕೆ ೨೫ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ನಿಯಮವಾಯಿತು. ತತ್ತ್ವವನ್ನು ಕುರಿತ ನೂರು ಭಾಷಣಗಳಿಗಿಂತ ಈ ಒಂದು ನಿಯಮವು ಹೆಚ್ಚು ಕೆಲಸ ಮಾಡಿತೆಂದು ನನಗೆ ತೋರುತ್ತದೆ. ಪಕ್ಷವು ಯಾರ ಬಾಯಿಂದ ಮಾತನಾಡುತ್ತದೆಂಬುದನ್ನು ಬದಲಾಯಿಸದೆ ಅದು ಏನು ಮಾತನಾಡುತ್ತದೆಂಬುದನ್ನು ಬದಲಾಯಿಸುವುದು ಕಷ್ಟ. ನಮ್ಮ ಕಡೆಯ ಪಕ್ಷಗಳ ಅಭ್ಯರ್ಥಿಗಳ ಪಟ್ಟಿಯನ್ನು ನೋಡಿದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೀಗೆ ಮಾಡಿದ ಕನ್ಸರ್ವೇಟಿವರು ತಮ್ಮ ತತ್ತ್ವವನ್ನು ಮಾರಿಕೊಂಡರೆ? ನಾನು ಹಾಗೆ ಭಾವಿಸುವುದಿಲ್ಲ. ಇದ್ದುದನ್ನು ಕೆಡಹದೆ ಕಾಪಾಡುವುದು ಅವರ ಮೂಲತತ್ತ್ವ. ಜನಜೀವನದಲ್ಲಿ ಬೇರೂರಿದ ಹೊಸ ವ್ಯವಸ್ಥೆಯನ್ನು ಕಿತ್ತೆಸೆಯುವುದೇ ಆ ತತ್ತ್ವಕ್ಕೆ ವಿರುದ್ಧವಾಗುತ್ತಿತ್ತು. ಅವರು ಬಿಟ್ಟದ್ದು ರೂಢಿಯನ್ನು. ೧೯೫೧ರಲ್ಲಿ ಅವರು ಅಧಿಕಾರಕ್ಕೆ ಮರಳಿ, ಉಕ್ಕಿನ ಕೈಗಾರಿಕೆಯನ್ನು ಖಾಸಗಿಯವರಿಗೆ ಹಿಂದಿರುಗಿಸಲು ಹೊರಟರೂ, ಉಚಿತ ವೈದ್ಯವ್ಯವಸ್ಥೆಯನ್ನು ಉಳಿಸಿಕೊಂಡರು. ಆ ಚುನಾವಣೆಯಲ್ಲಿ ಲೇಬರಿಗೆ ಬಂದ ಮತಗಳು ಅವರ ಮತಗಳಿಗಿಂತ ಎರಡು ಲಕ್ಷಕ್ಕೂ ಹೆಚ್ಚಾಗಿದ್ದವೆಂಬುದನ್ನೂ ಹೇಳಿಬಿಡಬೇಕು. ಗೆಲುವು ಸೋಲುಗಳ ಲೆಕ್ಕವು ಅಷ್ಟು ಸರಳವಾದುದಲ್ಲ.

ಇನ್ನು ಲೇಬರ್ ಪಕ್ಷದ ಸರದಿ. ೧೯೫೧, ೧೯೫೫, ೧೯೫೯ ಹೀಗೆ ಮೂರು ಸಲ ಅದು ಸೋತಿತು. ಆಗ ನಾಯಕರಾಗಿದ್ದ ಗೇಟ್‌ಸ್ಕೆಲ್ಲರು ೧೯೫೯ರ ನವೆಂಬರಿನಲ್ಲಿ ಬ್ಲ್ಯಾಕ್‌ಪೂಲಿನ ಸಮ್ಮೇಳನದಲ್ಲಿ ಪಕ್ಷದ ನಿಬಂಧನೆಯ ನಾಲ್ಕನೆಯ ವಿಧಿಯನ್ನು ತಿದ್ದಬೇಕೆಂದರು. ಉತ್ಪಾದನೆಯ ಸಾಧನಗಳೆಲ್ಲವೂ ಸಾರ್ವಜನಿಕರ ಒಡೆತನಕ್ಕೆ ಬರಬೇಕೆಂಬ ಆ ವಿಧಿಯು ೧೯೧೮ರಿಂದ ಇದ್ದುದು. ಅವರ ವಾದವು ಸರಳವಾಗಿತ್ತು: ಎಲ್ಲವನ್ನೂ ರಾಷ್ಟ್ರೀಕರಿಸುವ ಉದ್ದೇಶ ನಮಗೆ ಇಲ್ಲ, ಇಲ್ಲದ ಉದ್ದೇಶವನ್ನು ಬರೆದಿಟ್ಟುಕೊಳ್ಳುವುದು ಸುಳ್ಳು. ಎದುರಾಳಿಗಳ ವಾದವೂ ತಿರಸ್ಕಾರಯೋಗ್ಯವಾದುದಲ್ಲ. ಗಣಿಯಲ್ಲಿ ದುಡಿಯುವವನಿಗೆ ಆ ಮಾತು ನಾಳೆಯ ಕಾರ್ಯಕ್ರಮವಾಗಿರಲಿಲ್ಲ; ತಾನು ಏತಕ್ಕಾಗಿ ಈ ಪಕ್ಷಕ್ಕೆ ಸೇರಿದೆನೆಂಬುದರ ಗುರುತಾಗಿತ್ತು. ಮನೆಯ ಬಾಗಿಲಿನ ಮೇಲಿರುವ ದೇವರ ಪಟದ ಮುಂದೆ ನಿತ್ಯವೂ ದೀಪ ಹಚ್ಚದವನು ಸಹ ಅದನ್ನು ತೆಗೆದುಹಾಕಬೇಕೆಂದರೆ ಒಪ್ಪುವುದಿಲ್ಲ. ೧೯೬೦ರಲ್ಲಿ ಗೇಟ್‌ಸ್ಕೆಲ್ಲರು ಹಿಮ್ಮೆಟ್ಟಬೇಕಾಯಿತು. ವಿಧಿಯು ಹಾಗೆಯೇ ಇದ್ದರೂ ೧೯೬೪ರಲ್ಲಿ ವಿಲ್ಸನ್ನರ ನಾಯಕತ್ವದಲ್ಲಿ ಪಕ್ಷವು ಗೆದ್ದಿತು. ಅದು ಬದಲಾದದ್ದು ೧೯೯೫ರಲ್ಲಿ, ಬ್ಲೇರ್ ಅವರ ಕಾಲದಲ್ಲಿ.

ಗೇಟ್‌ಸ್ಕೆಲ್ಲರು ಹೇಳಿದ್ದು ಸತ್ಯ. ಆದರೆ ಸೋಲಿನ ಮರುತಿಂಗಳು ಹೇಳಿದ ಸತ್ಯವು ವ್ಯಾಪಾರದ ಮಾತಿನಂತೆ ಕೇಳಿಸುತ್ತದೆ. ತಮ್ಮ ನಂಬಿಕೆ ಬದಲಾಗಿದೆಯೆಂದು ಪಕ್ಷದವರಿಗೆ ಬಹು ಕಾಲದಿಂದ ಗೊತ್ತಿತ್ತು. ಗೆಲ್ಲುತ್ತಿದ್ದಾಗ ಅದನ್ನು ಹೇಳುವ ಅವಶ್ಯಕತೆ ಯಾರಿಗೂ ಕಾಣಲಿಲ್ಲ. ಸೋತ ಪಕ್ಷದ ಆತ್ಮಪರೀಕ್ಷೆಯ ಬಹುಭಾಗವು ವಾಸ್ತವವಾಗಿ ಗೆದ್ದ ದಿನಗಳಲ್ಲಿ ಮಾಡದೆ ಬಿಟ್ಟ ಪರೀಕ್ಷೆಯ ಬಾಕಿ.

ಪರೀಕ್ಷೆ ಮಾಡಿಕೊಳ್ಳದೆಯೂ ಗೆಲ್ಲಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಗೆಲ್ಲಬಹುದು, ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ತುರ್ತುಪರಿಸ್ಥಿತಿಯ ಅನಂತರ ೧೯೭೭ರ ಮಾರ್ಚಿಯಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಉತ್ತರಪ್ರದೇಶದ ೮೫ ಸ್ಥಾನಗಳಲ್ಲಿ ಒಂದೂ ಬರಲಿಲ್ಲ, ಬಿಹಾರದ ೫೪ರಲ್ಲಿ ಒಂದೂ ಬರಲಿಲ್ಲ. ನಮ್ಮ ಕರ್ಣಾಟಕದಲ್ಲಿ ೨೮ಕ್ಕೆ ೨೬ ಬಂದವು. ೧೯೭೬–೭೭ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದಿತ್ತು. ಬಲಾತ್ಕಾರದ ಭಾರವು ಹೆಚ್ಚಾಗಿ ಬಿದ್ದದ್ದು ಉತ್ತರದ ಹಳ್ಳಿಗಳ ಮೇಲೆ. ಆ ಪಕ್ಷವು ಈ ಎರಡು ಫಲಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಬೇಕಾಗಿತ್ತು. ಅದು ೧೯೭೮ರ ಜನವರಿಯಲ್ಲಿ ಒಡೆಯಿತು. ಇಂದಿರಾಗಾಂಧಿಯವರು ಅದೇ ವರ್ಷ ಚಿಕ್ಕಮಗಳೂರಿನಿಂದ ಲೋಕಸಭೆಗೆ ಮರಳಿದರು. ಜನತಾ ಪಕ್ಷದ ಒಳಜಗಳವು ಉಳಿದ ಕೆಲಸವನ್ನು ಮಾಡಿತು. ೧೯೮೦ರಲ್ಲಿ ೩೫೩ ಸ್ಥಾನಗಳು ಬಂದವು. ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಕೊಡುವ ಹೊಸ ಕಾಯಿದೆಯೊಂದು ಅದೇ ವರ್ಷ ಬಂದಿತು. ಎದುರಾಳಿಯ ತಪ್ಪಿನಿಂದ ದೊರೆತ ಗೆಲುವು ನಮ್ಮ ತಪ್ಪನ್ನು ಕ್ಷಮಿಸಿದ ಪತ್ರವಲ್ಲ. ಆದರೆ ಗೆದ್ದವರು ಅದನ್ನು ಹಾಗೆಯೇ ಓದಿಕೊಳ್ಳುತ್ತಾರೆ.

ರಾಮಕೃಷ್ಣ ಹೆಗಡೆಯವರು ಬೇರೊಂದು ರೀತಿಯಲ್ಲಿ ನಡೆದುಕೊಂಡರು. ೧೯೮೪ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ ೨೮ ಸ್ಥಾನಗಳಲ್ಲಿ ೪ ಮಾತ್ರ ಬಂದಾಗ, ಸರ್ಕಾರವು ಉರುಳಿರದಿದ್ದರೂ ಅವರು ರಾಜೀನಾಮೆ ಕೊಟ್ಟು ಜನರ ಬಳಿಗೆ ಹೋದರು. ೧೯೮೫ರ ಮಾರ್ಚಿಯಲ್ಲಿ ಅದೇ ಜನರು ಅದೇ ಪಕ್ಷಕ್ಕೆ ೨೨೪ರಲ್ಲಿ ೧೩೯ ಸ್ಥಾನಗಳನ್ನು ಕೊಟ್ಟರು. ಇದು ಧರ್ಮವೊ ಚಾತುರ್ಯವೊ ಎಂದು ಆಗ ವಾದಗಳು ನಡೆದವು. ಎರಡೂ ಒಟ್ಟಿಗೆ ಇರಬಾರದೆಂದು ನಿಯಮವೇನೂ ಇಲ್ಲ. ಸೋಲಿನ ಅರ್ಥವನ್ನು ತಾವೇ ನಿರ್ಣಯಿಸದೆ ಕೊಟ್ಟವರನ್ನೇ ಕೇಳಿದರೆಂಬುದು ಮುಖ್ಯ. ಮತದಾರನಿಗೆ ಇರುವುದು ಒಂದೇ ಮುದ್ರೆ. ಅಕ್ಕಿಯ ಬೆಲೆ, ಮಂತ್ರಿಯ ದರ್ಪ, ದೆಹಲಿಯಲ್ಲಿ ನಡೆದ ಕೊಲೆಯ ದುಃಖ, ಊರಿನ ಸೇತುವೆ ಇವೆಲ್ಲವನ್ನೂ ಅವನು ಆ ಒಂದು ಮುದ್ರೆಯಲ್ಲಿ ಒತ್ತಬೇಕು. ೧೯೮೯ರಲ್ಲಿ ಜನತಾದಳಕ್ಕೆ ಇಲ್ಲಿ ೨೪ ಸ್ಥಾನಗಳಷ್ಟೇ ಉಳಿದಾಗ, ನಜೀರ್ ಸಾಬರು ಹಳ್ಳಿಗಳಿಗೆ ಕೊಟ್ಟ ಕುಡಿಯುವ ನೀರನ್ನೂ ಪಂಚಾಯತಿಯನ್ನೂ ಜನರು ಬೇಡವೆಂದರೆಂದು ಯಾರು ಹೇಳಬಲ್ಲರು? ಬೇಡವೆಂದದ್ದು ನಾಯಕರ ಕಚ್ಚಾಟವನ್ನು.

ಸೋಲು ತತ್ತ್ವದ ಸುಳ್ಳಿಗೆ ಸಾಕ್ಷಿಯಲ್ಲವೆಂಬುದಕ್ಕೆ ಸ್ವತಂತ್ರ ಪಕ್ಷವನ್ನು ನೆನೆಯಬೇಕು. ರಾಜಾಜಿಯವರು ೧೯೫೯ರಲ್ಲಿ ಕಟ್ಟಿದ ಆ ಪಕ್ಷಕ್ಕೆ ೧೯೬೭ರಲ್ಲಿ ಲೋಕಸಭೆಯಲ್ಲಿ ೪೪ ಸ್ಥಾನಗಳಿದ್ದವು. ೧೯೭೧ರಲ್ಲಿ ೮ ಉಳಿದವು. ೧೯೭೪ರಲ್ಲಿ ಪಕ್ಷವೇ ಬೇರೊಂದರಲ್ಲಿ ಲೀನವಾಯಿತು. ಲೈಸೆನ್ಸು ಪರ್ಮಿಟ್ಟುಗಳ ರಾಜ್ಯವೆಂದು ರಾಜಾಜಿಯವರು ಹಳಿದ ವ್ಯವಸ್ಥೆಯ ಬಹುಭಾಗವನ್ನು ೧೯೯೧ರ ಜುಲೈಯಲ್ಲಿ ಕಿತ್ತುಹಾಕಿದ್ದು ಕಾಂಗ್ರೆಸ್ ಸರ್ಕಾರವೇ. ಆ ಪಕ್ಷಕ್ಕಾಗಿ ನಮ್ಮ ತಾಲ್ಲೂಕಿನಲ್ಲಿ ದುಡಿದಿದ್ದ ಹಿರಿಯರೊಬ್ಬರು ನನಗೆ ಪರಿಚಿತರಾಗಿದ್ದರು. ೧೯೭೧ರ ಅನಂತರ ಕಚೇರಿಯ ಬಾಡಿಗೆ ತೀರಿಸಲು ಬೆಂಚು ಮೇಜುಗಳನ್ನು ಮಾರಿದವರು ಅವರು. ೧೯೯೧ರಲ್ಲಿ ಪತ್ರಿಕೆಯನ್ನು ಓದಿ ಮಡಿಸಿಟ್ಟು, “ನಾವು ಹೇಳಿದ್ದು ತಪ್ಪಾಗಿತ್ತೋ, ಹೇಳಲು ಬಂದವರು ತಪ್ಪಾಗಿದ್ದರೋ, ನೀವೇ ಹೇಳಿ” ಎಂದು ನನ್ನನ್ನು ಕೇಳಿದರು. ಮಹಾರಾಜರೂ ಗಿರಣಿಯ ಮಾಲೀಕರೂ ಬಂದು ರೈತನ ಸ್ವಾತಂತ್ರ್ಯದ ಮಾತನ್ನಾಡಿದರೆ ರೈತನು ನಂಬುವುದು ಕಷ್ಟವೆಂಬ ಉತ್ತರ ನನ್ನ ನಾಲಗೆಯ ಮೇಲಿತ್ತು. ಅದನ್ನು ಆಡುವುದಕ್ಕೆ ಬದಲಾಗಿ, ಸೋತಾಗ ಪಕ್ಷದವರು ನಿಮ್ಮನ್ನು ಏನು ಕೇಳಿದರು ಎಂದು ನಾನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮತದಾರರ ಪಟ್ಟಿಯ ಪ್ರತಿಗಳನ್ನು ಹಿಂದಕ್ಕೆ ಕಳುಹಿಸಬೇಕೆಂದು ಒಂದು ಕಾಗದ ಬಂದಿತ್ತು, ಅಷ್ಟೇ ಎಂದರು.